ಅಣ್ಣನ ಮಗಳಿಗೆ ಇನ್ನೂ 16, ಮದುವೆ ಮುಂದಿನ ತಿಂಗಳು: ನೆಂಟರಾದವರು ಏನು ಮಾಡಬೇಕು?

ಮೊದಲು ಒಂದು ಫೋನ್ ಬರುತ್ತದೆ. "ಏನಿಲ್ಲ, ಸುಮ್ನೆ ಹೂ ಮುಡಿಸೋ ಶಾಸ್ತ್ರ ಇಟ್ಕೊಂಡಿದ್ದೀವಿ. ಮನೆ ಮಟ್ಟಿಗೆ ಅಷ್ಟೇ, ಬಂದು ಹೋಗಿ." ಹುಡುಗಿ ಯಾರು ಅಂದರೆ ಮೊನ್ನೆ ಮೊನ್ನೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದವಳು. ಪತ್ರಿಕೆ ಹಂಚುತ್ತಿಲ್ಲ, ಸ್ಟೇಟಸ್‌ಗೆ ಫೋಟೋ ಹಾಕಬೇಡಿ ಅಂತ ಬೇರೆ ಹೇಳುತ್ತಾರೆ. ಫೋನ್ ಇಡುವಷ್ಟರಲ್ಲಿ ನಿಮಗೆ ಎಲ್ಲ ಅರ್ಥವಾಗಿರುತ್ತದೆ. ಆಮೇಲೆ ಮನೆಯಲ್ಲಿ ಒಂದು ಮಾತು ಬರುತ್ತದೆ: "ಅವರ ಮನೆ ವಿಷಯ, ನಮಗ್ಯಾಕೆ?"

ಈ ಬರಹ ಆ ಫೋನ್ ಬಂದವರಿಗೆ. ಅತ್ತೆ, ಚಿಕ್ಕಪ್ಪ, ಸೋದರಮಾವ, ದೊಡ್ಡಮ್ಮನ ಮಗ, ಪಕ್ಕದ ಮನೆಯವರು. ಅಧಿಕಾರಿಗಳಿಗೆ ಕಾನೂನು ಇದೆ, ತರಬೇತಿ ಇದೆ. ಆದರೆ ಅವರಿಗೆ ವಿಷಯ ಮುಟ್ಟುವ ಹೊತ್ತಿಗೆ ಚಪ್ಪರ ಎದ್ದಿರುತ್ತದೆ, ಸಾಲ ತಂದಾಗಿರುತ್ತದೆ, ಸೀರೆಗೆ ಫಾಲ್ ಹಚ್ಚಿಸಿಯೂ ಆಗಿರುತ್ತದೆ. ನಿಮಗೆ ಮಾತುಕತೆ ನಡೆಯುತ್ತಿರುವಾಗಲೇ ಗೊತ್ತಿರುತ್ತದೆ. ಮೊದಲು ಗೊತ್ತಾದವರ ಹೊಣೆ ದೊಡ್ಡದು ಅನ್ನುವುದು ನನ್ನ ನಂಬಿಕೆ. ಯಾಕೆಂದರೆ ಜಗಳವಿಲ್ಲದೆ, ಪೊಲೀಸರಿಲ್ಲದೆ, ಯಾರ ಮಾನವೂ ಹೋಗದೆ ಮದುವೆಯನ್ನು ಮುಂದಕ್ಕೆ ಹಾಕಿಸಲು ಆಗುವುದು ಆ ಕೆಲವು ವಾರಗಳಲ್ಲಿ ಮಾತ್ರ.

ಇದೇನು ಅಪರೂಪದ ವಿಷಯವೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಐವರಲ್ಲಿ ಒಬ್ಬಳು. ಅದರ ಹಿಂದಿನ ಸಮೀಕ್ಷೆಯಲ್ಲೂ ಹೆಚ್ಚುಕಡಿಮೆ ಇಷ್ಟೇ ಇತ್ತು. ಅಂದರೆ ಅಷ್ಟು ವರ್ಷ ಜಾಥಾ, ಬೀದಿನಾಟಕ, ಗೋಡೆಬರಹ ಎಲ್ಲ ಆದರೂ ಲೆಕ್ಕ ಅಲ್ಲೇ ನಿಂತಿದೆ. ಗೋಡೆ ಮೇಲೆ ಬರೆದದ್ದು ಅಡುಗೆಮನೆ ಒಳಗೆ ಬರುವುದಿಲ್ಲ, ಅಲ್ವಾ? ಅಲ್ಲಿಗೆ ಹೋಗುವ ಸಲುಗೆ ಇರುವುದು ನೆಂಟರಿಗೆ.

ಮೊದಲು ಬಾಯಿ ಮುಚ್ಚಿಕೊಂಡು ವಿವರ ತಿಳಿದುಕೊಳ್ಳಿ

ಸಿಟ್ಟು ಬಂದಿರುತ್ತದೆ. ತಕ್ಷಣ ಅಣ್ಣನಿಗೆ ಫೋನ್ ಮಾಡಿ "ಜೈಲಿಗೆ ಹೋಗ್ತೀಯ ನೋಡು" ಅನ್ನಬೇಕು ಅನಿಸುತ್ತದೆ. ಬೇಡ. ಹಾಗೆ ಕೂಗಾಡಿದರೆ ಆಗುವುದು ಒಂದೇ: ಮುಂದಿನ ತಿಂಗಳ ಮದುವೆ ಈ ವಾರವೇ, ಬೇರೆ ಯಾವುದೋ ತಾಲ್ಲೂಕಿನ ದೇವಸ್ಥಾನದಲ್ಲಿ, ಬೆಳಕು ಹರಿಯುವ ಮೊದಲೇ ಮುಗಿದುಹೋಗುತ್ತದೆ. ನಿಮಗೆ ಸುದ್ದಿಯೂ ಬರುವುದಿಲ್ಲ.

ಹಾಗಾಗಿ ನಾಲ್ಕು ವಿಷಯ ಮಾತ್ರ ಸದ್ದಿಲ್ಲದೆ ಕೇಳಿ ಇಟ್ಟುಕೊಳ್ಳಿ. ದಿನ ಯಾವುದು, ಎಲ್ಲಿ ನಡೆಯುತ್ತದೆ, ಗಂಡಿನ ಊರು ಯಾವುದು, ಹುಡುಗಿ ಈಗ ಯಾವ ಶಾಲೆ ಅಥವಾ ಕಾಲೇಜಿನಲ್ಲಿದ್ದಾಳೆ. "ನಾನು ರಜೆ ಹಾಕಬೇಕು, ದಿನ ಹೇಳಿ" ಅಂದರೆ ಯಾರಿಗೂ ಅನುಮಾನ ಬರುವುದಿಲ್ಲ.

ಇನ್ನು ವಯಸ್ಸು. "ನಮ್ಮ ಹುಡುಗಿಗೆ 18 ಆಗಿದೆ, ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ತಪ್ಪು ಬರೆದರು" ಅನ್ನುವುದು ಎಲ್ಲ ಕಡೆ ಕೇಳಿಬರುವ ಮಾತು. ಆಧಾರ್ ಕಾರ್ಡ್ ತೋರಿಸುತ್ತಾರೆ. ಆಧಾರ್ ವಯಸ್ಸಿಗೆ ಗಟ್ಟಿ ಪುರಾವೆ ಅಲ್ಲ. ಬಾಲನ್ಯಾಯ ಕಾಯ್ದೆ ಪ್ರಕಾರ ಮೊದಲು ನೋಡುವುದು ಶಾಲೆಯ ದಾಖಲೆಯಲ್ಲಿರುವ ಜನ್ಮ ದಿನಾಂಕ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆ ಕೊಟ್ಟ ಜನನ ಪತ್ರ. ಅದೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ಹುಡುಗಿ ಶಾಲೆಗೆ ಹೋದವಳಾದರೆ ಮುಖ್ಯ ಶಿಕ್ಷಕರ ಬೀರುವಿನಲ್ಲಿ ಅವಳ ದಾಖಲಾತಿ ಪುಸ್ತಕ ಇದ್ದೇ ಇರುತ್ತದೆ. ನೀವು ಹೋಗಿ ಅದನ್ನು ತೆಗೆಸಬೇಕಾಗಿಲ್ಲ, ಶಾಲೆ ಹೆಸರು ಗೊತ್ತಿದ್ದರೆ ಸಾಕು.

ಗಂಡಿನ ವಯಸ್ಸೂ ಕೇಳಿ. ಅವನಿಗೆ 21 ಆಗಿರಬೇಕು. ಅದನ್ನು ಎಲ್ಲರೂ ಮರೆಯುತ್ತಾರೆ.

ಹುಡುಗಿಯ ಹತ್ತಿರ ಒಬ್ಬಳೇ ಇದ್ದಾಗ ಮಾತಾಡಿ

ತಾಯಿ ಪಕ್ಕದಲ್ಲಿ ಕೂತಿರುವಾಗ "ನಿಂಗೆ ಇಷ್ಟ ಇದ್ಯೇನಮ್ಮಾ?" ಅಂದರೆ ಅವಳು ತಲೆ ತಗ್ಗಿಸಿ "ಅಪ್ಪ ಹೇಳಿದ ಹಾಗೆ" ಅನ್ನುತ್ತಾಳೆ. ಅಷ್ಟಕ್ಕೇ "ನೋಡಿ, ಅವಳೂ ಒಪ್ಪಿದ್ದಾಳೆ" ಅಂತ ಮನೆಯವರು ಹೇಳಿಕೊಂಡು ತಿರುಗುತ್ತಾರೆ. ಅದರ ಬದಲು ನೀರು ತರಲು ಹೋಗುವಾಗಲೋ, ಅಂಗಡಿಗೆ ಕಳಿಸುವ ನೆಪದಲ್ಲೋ ಜೊತೆಗೆ ಹೋಗಿ. ಮದುವೆ ವಿಷಯ ಎತ್ತಲೇಬೇಡಿ. "ಪಿಯುಸಿಗೆ ಎಲ್ಲಿ ಅಡ್ಮಿಷನ್? ಯಾವ ಕಾಂಬಿನೇಷನ್ ತಗೋತೀಯ?" ಅಂತ ಕೇಳಿ ನೋಡಿ. ಉಳಿದದ್ದು ತಾನಾಗಿ ಹೊರಗೆ ಬರುತ್ತದೆ.

ಕೆಲವು ಹುಡುಗಿಯರು ನಿಜವಾಗಿಯೂ ಖುಷಿಯಾಗಿರುತ್ತಾರೆ. ಹೊಸ ಸೀರೆ, ಎಲ್ಲರೂ ತನ್ನ ಸುತ್ತ, ಗಂಡಿನ ಮನೆಯವರು ಕೊಡಿಸಿದ ಫೋನ್. 16ರ ವಯಸ್ಸಿಗೆ ಅದು ಸಹಜ, ಬೈಯಬೇಡಿ. ಅವಳು ಒಪ್ಪಿದರೂ ಕಾನೂನಿನಲ್ಲಿ ಆ ಒಪ್ಪಿಗೆಗೆ ಬೆಲೆ ಇಲ್ಲ. ಅಷ್ಟು ನಿಮಗೆ ಗೊತ್ತಿದ್ದರೆ ಸಾಕು, ಅವಳ ಹತ್ತಿರ ವಾದ ಮಾಡುವುದು ಬೇಡ.

ಬೇಡ ಅನ್ನುವ ಹುಡುಗಿಗೆ ಮಾತ್ರ ಒಂದು ವಿಷಯ ಬಾಯಿಪಾಠ ಮಾಡಿಸಿ: 1098. ಮಕ್ಕಳ ಸಹಾಯವಾಣಿ, ದಿನದ 24 ಗಂಟೆ, ದುಡ್ಡಿಲ್ಲ. ಚೀಟಿಯಲ್ಲಿ ಬರೆದುಕೊಡಬೇಡಿ, ಅದು ಯಾರ ಕೈಗಾದರೂ ಸಿಗುತ್ತದೆ. "ನಾನಿದ್ದೀನಿ, ಏನೂ ಆಗಲ್ಲ" ಅನ್ನುವ ದೊಡ್ಡ ಮಾತೂ ಬೇಡ. ಅವಳು ಓಡಿಬಂದರೆ ನಿಮ್ಮ ಮನೆ ಬಾಗಿಲು ತೆಗೆಯುತ್ತೀರಾ ಅಂತ ಮೊದಲು ನಿಮ್ಮ ಮನೆಯವರನ್ನು ಕೇಳಿಕೊಳ್ಳಿ, ಆಮೇಲೆ ಹೇಳಿ.

ದೊಡ್ಡವರು ಹೇಳುವ ಕಾರಣಗಳು, ಅದಕ್ಕೆ ಉತ್ತರ

ಅಪ್ಪ ಅಮ್ಮನನ್ನು ರಾಕ್ಷಸರು ಅಂದುಕೊಂಡು ಹೋದರೆ ಮಾತು ಹೊಸಿಲು ದಾಟುವುದಿಲ್ಲ. ಬಹುತೇಕ ಮನೆಗಳಲ್ಲಿ ಅವರಿಗೂ ಇದು ಪೂರ್ತಿ ಮನಸ್ಸಿಗೆ ಒಪ್ಪಿರುವುದಿಲ್ಲ. ಸುತ್ತ ಹತ್ತು ಜನ ತಳ್ಳುತ್ತಿರುತ್ತಾರೆ. ಆ ಹತ್ತು ಜನರಲ್ಲಿ ಪ್ರತಿಯೊಬ್ಬರೂ "ನಾನೇನು ಹೇಳಿಲ್ಲಪ್ಪ, ಅವರೇ ಮಾಡ್ತಿದ್ದಾರೆ" ಅನ್ನುವವರೇ. ಹಾಗಾಗಿ ಬೈಯುವ ಬದಲು, ಮುಂದಕ್ಕೆ ಹಾಕಲು ಅವರಿಗೊಂದು ಗೌರವದ ನೆಪ ಹುಡುಕಿಕೊಡುವುದು ನಿಮ್ಮ ಕೆಲಸ.

ತುಂಬಾ ಕಡೆ ಬರುವುದು ಸಾವಿನ ಕಾರಣ. ಮನೆಯಲ್ಲಿ ಹಿರಿಯರು ತೀರಿಕೊಂಡರೆ ವರ್ಷದೊಳಗೆ ಒಂದು ಶುಭಕಾರ್ಯ ಆಗಬೇಕು, ಇಲ್ಲದಿದ್ದರೆ ಮೂರು ವರ್ಷ ಕಾಯಬೇಕು ಅನ್ನುತ್ತಾರೆ. ತಾತ ಹೋದ ವರ್ಷ ಮೊಮ್ಮಗಳ ಕುತ್ತಿಗೆಗೆ ಬರುವುದು ಹೀಗೆ. ಇಲ್ಲಿ ಶಾಸ್ತ್ರ ಸುಳ್ಳು ಅಂತ ವಾದಕ್ಕಿಳಿದರೆ ನೀವು ಸೋತಿರಿ. ಕಾಯುವುದು ಅಂದರೆ ಏನು ಅಂತ ಲೆಕ್ಕ ಹಾಕಿ ತೋರಿಸಿ. "ಅಣ್ಣಾ, ಮೂರು ವರ್ಷ ಕಾದರೆ ಅವಳಿಗೆ 19. ಅಷ್ಟರಲ್ಲಿ ಪಿಯುಸಿ ಮುಗಿದಿರುತ್ತೆ. ನಷ್ಟ ಏನು?" ಶುಭಕಾರ್ಯವೇ ಆಗಬೇಕು ಅಂದರೆ ಮನೆಯಲ್ಲಿ ಗೃಹಪ್ರವೇಶವೋ, ಚಿಕ್ಕ ಮಗುವಿನ ನಾಮಕರಣವೋ ಇದ್ದರೆ ಅದನ್ನು ಜೋರಾಗಿ ಮಾಡಬಹುದಾ ಅಂತ ಮನೆ ಪುರೋಹಿತರನ್ನು ಕೇಳಿ. ಹಲವು ಪುರೋಹಿತರು ತಾವೇ ದಾರಿ ಹೇಳುತ್ತಾರೆ. ಮದುವೆ ಮಾಡಿಸಿದವರ ಮೇಲೂ ಕೇಸ್ ಆಗುತ್ತದೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು.

ಎರಡನೆಯದು ದುಡ್ಡು. ಅಕ್ಕನ ಮದುವೆ ನಿಶ್ಚಯವಾಗಿದೆ, ತಂಗಿಯದನ್ನೂ ಅದೇ ಚಪ್ಪರದಲ್ಲಿ ಮುಗಿಸಿಬಿಟ್ಟರೆ ಒಂದೇ ಖರ್ಚು. ಇದು ದುರಾಸೆಯಲ್ಲ, ಬಡವರ ಲೆಕ್ಕ. ಅದಕ್ಕೆ ಉಪದೇಶ ಅಲ್ಲ, ಲೆಕ್ಕವೇ ಉತ್ತರ. ಬಿಪಿಎಲ್ ಮನೆಯ ಹುಡುಗಿಗೆ ಭಾಗ್ಯಲಕ್ಷ್ಮಿ ಬಾಂಡ್ ಮಾಡಿಸಿದ್ದರೆ, 18ರ ಮೊದಲು ಮದುವೆ ಮಾಡಬಾರದು ಅನ್ನುವುದು ಅದರ ಷರತ್ತು. ಮದುವೆ ಮಾಡಿದರೆ ಆ ದುಡ್ಡು ಕೈತಪ್ಪುತ್ತದೆ. ಪೆಟ್ಟಿಗೆಯಲ್ಲಿ ಆ ಬಾಂಡ್ ಇದೆಯಾ ಅಂತ ಅತ್ತಿಗೆಯನ್ನು ಕೇಳಿ, ತೆಗೆಸಿ, ಷರತ್ತುಗಳನ್ನು ಕೂತು ಓದಿ ಹೇಳಿ. ಎಷ್ಟೋ ಸಲ ದೊಡ್ಡ ಭಾಷಣಕ್ಕಿಂತ ಆ ಒಂದು ಕಾಗದ ಜಾಸ್ತಿ ಕೆಲಸ ಮಾಡುತ್ತದೆ. ಮತ್ತೆ, ನಿಮ್ಮ ಹತ್ತಿರ ಇದ್ದರೆ, ಎರಡು ವರ್ಷ ಬಿಟ್ಟು ಅವಳ ಮದುವೆಗೆ ನಾನು ಇಷ್ಟು ಕೊಡುತ್ತೇನೆ ಅಂತ ಹೇಳಿ. ಈಗಿನ ಮದುವೆಗೆ ಸಾಲ ಕೇಳಿದರೆ ಮಾತ್ರ ಇಲ್ಲ ಅನ್ನಿ.

ಮೂರನೆಯದನ್ನು ಯಾರೂ ನೇರವಾಗಿ ಹೇಳುವುದಿಲ್ಲ, ಆದರೆ ಬಹಳ ಮನೆಗಳಲ್ಲಿ ನಿಜವಾದ ಕಾರಣ ಅದೇ. ಭಯ. ಕಾಲೇಜಿಗೆ ಹೋದರೆ ಯಾರನ್ನಾದರೂ ಇಷ್ಟಪಟ್ಟುಬಿಟ್ಟರೆ, ಬೇರೆ ಜಾತಿಯವನ ಜೊತೆ ಓಡಿಹೋದರೆ, ಊರಿನಲ್ಲಿ ತಲೆ ಎತ್ತಿ ತಿರುಗುವುದು ಹೇಗೆ? ಈ ಭಯಕ್ಕೆ "ಹಾಗೇನೂ ಆಗಲ್ಲ ಬಿಡಿ" ಅನ್ನುವುದು ಉತ್ತರವಲ್ಲ. ಪಿಯು ಕಾಲೇಜು ದೂರವಿದ್ದು ಬಸ್ಸಿನಲ್ಲಿ ಒಬ್ಬಳೇ ಹೋಗಬೇಕು ಅನ್ನುವುದೇ ಕಾರಣವಾದರೆ ಹಿಂದುಳಿದ ವರ್ಗಗಳ ಅಥವಾ ಸಮಾಜ ಕಲ್ಯಾಣ ಇಲಾಖೆಯ ಹುಡುಗಿಯರ ಹಾಸ್ಟೆಲ್‌ಗೆ ಅರ್ಜಿ ಹಾಕಿಸಿ. ಇಲ್ಲದಿದ್ದರೆ ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಿ. ಬಸ್ ಖರ್ಚಿನ ಮಾತು ಬಂದರೆ, 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಹೆಣ್ಣುಮಕ್ಕಳಿಗೆ ಉಚಿತವಾಗಿದೆ. "ಮಗಳು ನನ್ನ ಮನೇಲಿರ್ಲಿ, ಅವಳ ಜವಾಬ್ದಾರಿ ನಂದು" ಅನ್ನುವ ಒಬ್ಬ ಅತ್ತೆ ಎದ್ದರೆ ಅರ್ಧ ಮದುವೆಗಳು ಅಲ್ಲೇ ನಿಲ್ಲುತ್ತವೆ ಅಂತ ನನಗನಿಸುತ್ತದೆ. ಆದರೆ ಹೇಳುವುದು ಸುಲಭ, ಎರಡು ವರ್ಷ ಇನ್ನೊಬ್ಬರ ಮಗಳಿಗೆ ಊಟ, ಬಟ್ಟೆ, ಕಾವಲು ನೋಡಿಕೊಳ್ಳುವುದು ಕಷ್ಟ. ಆ ಕಷ್ಟ ಬೇಡ ಅನ್ನುವವರು ಬರೀ ಬುದ್ಧಿ ಹೇಳಲು ಹೋಗಬಾರದು.

ಆಮೇಲೆ ಸೋದರಮಾವನ ಸಂಬಂಧ. ಹುಟ್ಟಿದಾಗಲೇ "ಇವಳು ನಮ್ಮ ಹುಡುಗನಿಗೆ" ಅಂತ ಮಾತಾಗಿರುತ್ತದೆ. ರಕ್ತಸಂಬಂಧದಲ್ಲಿ ಮಕ್ಕಳಿಗೆ ತೊಂದರೆ ಅಂತ ವಿಜ್ಞಾನ ಹೇಳಲು ಹೊರಟರೆ "ನಿಮ್ಮಪ್ಪ ಅಮ್ಮನೂ ಸಂಬಂಧದಲ್ಲೇ ಆಗಿದ್ದು, ನಿಂಗೇನಾಗಿದೆ?" ಅಂತ ಬಾಯಿ ಮುಚ್ಚಿಸುತ್ತಾರೆ. ಇಲ್ಲಿ ಒಂದೇ ದಾರಿ: ಮಾತು ಮುರಿಯಿರಿ ಅನ್ನಬೇಡಿ, ಕಾಯಿರಿ ಅನ್ನಿ. ಇದು ಅರೆಬರೆ ರಾಜಿ ಅಂತ ಕೆಲವರು ಬೈಯಬಹುದು. ಇರಲಿ. 18 ತುಂಬಿದ ಹುಡುಗಿ ಬಾಯಿಬಿಟ್ಟು ಬೇಡ ಅನ್ನಬಲ್ಲಳು. 15ರವಳಿಗೆ ಆ ಧೈರ್ಯ ಎಲ್ಲಿಂದ ಬರಬೇಕು?

ಕೊನೆಗೆ ಅಜ್ಜಿ. "ನಂಗೆ 13ಕ್ಕೆ ಮದ್ವೆ ಆಯ್ತು, ನಾನೇನು ಸತ್ನಾ?" ಈ ಮಾತಿಗೆ ಯಾರೂ ಎದುರಾಡುವುದಿಲ್ಲ. ನೀವೂ ಎದುರಾಡಬೇಡಿ, ಪಕ್ಕದಲ್ಲಿ ಕೂತು ಪ್ರಶ್ನೆ ಕೇಳಿ. ಮದುವೆಯಾದ ತಕ್ಷಣ ಗಂಡನ ಮನೆಗೆ ಹೋದೆಯಾ ಅಜ್ಜಿ? ಹಳೆಯ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಮದುವೆ ಬೇರೆ, ಪ್ರಸ್ತ (ಗಂಡ ಹೆಂಡತಿ ಕೂಡುವ ಶಾಸ್ತ್ರ) ಬೇರೆ. ನಡುವೆ ಹುಡುಗಿ ವರ್ಷಗಟ್ಟಲೆ ತವರಲ್ಲೇ ಇರುತ್ತಿದ್ದಳು. ಈಗ ಮದುವೆ ಆದ ವಾರಕ್ಕೇ ಕಳಿಸುತ್ತಾರೆ, ಆದ್ದರಿಂದ ಅಜ್ಜಿ ಕಾಲದ ಸಂಪ್ರದಾಯ ಇದು ಅನ್ನುವುದೇ ಸರಿಯಲ್ಲ. ಆಮೇಲೆ ಮೆಲ್ಲಗೆ ಇನ್ನೊಂದು ಪ್ರಶ್ನೆ. ನೀನು ಹೆತ್ತದ್ದು ಎಷ್ಟು, ಉಳಿದದ್ದು ಎಷ್ಟು? ಅಜ್ಜಿ ಬೆರಳು ಮಡಿಸಿ ಲೆಕ್ಕ ಹಾಕುತ್ತಾಳೆ. ಒಂದು ಹುಟ್ಟಿದಾಗಲೇ ಹೋಯ್ತು, ಇನ್ನೊಂದು ಆರು ತಿಂಗಳಿಗೆ, ಆಮೇಲೆ ನಿಮ್ಮಪ್ಪ. ಸೊಸೆಯಂದಿರ ಎದುರಿಗೇ ಆ ಲೆಕ್ಕ ಆಗಲಿ. ನೀವು ಅದಕ್ಕೆ ಏನೂ ಸೇರಿಸಬೇಕಾಗಿಲ್ಲ.

"ಸರ್ಕಾರ ಯಾರು ನಮ್ಮ ಸಂಪ್ರದಾಯದಲ್ಲಿ ಕೈ ಹಾಕಲು?" ಅನ್ನುವ ಒಬ್ಬರು ಪ್ರತಿ ಮನೆಯಲ್ಲೂ ಇರುತ್ತಾರೆ, ಸಾಮಾನ್ಯವಾಗಿ ಪಂಚಾಯಿತಿ ಕಟ್ಟೆಯ ಮೇಲೆ ಕೂರುವ ದೊಡ್ಡಪ್ಪ. ಅವರಿಗೆ ಹೇಳಿ: ಮೈಸೂರು ಮಹಾರಾಜರ ಸರ್ಕಾರವೇ 1894ರಲ್ಲಿ 8 ವರ್ಷದ ಒಳಗಿನ ಹೆಣ್ಣುಮಕ್ಕಳ ಮದುವೆ ನಿಲ್ಲಿಸಿ ಕಾನೂನು ತಂದಿತ್ತು. 50 ದಾಟಿದ ಗಂಡಸು 14ರ ಒಳಗಿನ ಹುಡುಗಿಯನ್ನು ಮದುವೆಯಾಗಬಾರದು ಅಂತಲೂ ಅದರಲ್ಲಿತ್ತು. ಬ್ರಿಟಿಷ್ ಇಂಡಿಯಾದಲ್ಲಿ ಶಾರದಾ ಕಾಯ್ದೆ ಬಂದದ್ದು ಅದಕ್ಕಿಂತ 35 ವರ್ಷ ಆಮೇಲೆ, 1929ರಲ್ಲಿ. ಅದು ಹುಡುಗಿಗೆ 14 ಅಂದಿತು. 1978ರಲ್ಲಿ ಅದು 18 ಆಯಿತು. ಅಂದಹಾಗೆ 21ಕ್ಕೆ ಏರಿಸುವ ಮಸೂದೆ 2021ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂತು, ಪಾಸಾಗಲಿಲ್ಲ. "21 ಆಗೋದ್ರೊಳಗೆ ಮುಗಿಸಿಬಿಡೋಣ" ಅಂತ ಅವಸರ ಮಾಡುವವರಿಗೆ ಇದನ್ನೂ ಹೇಳಬೇಕು.

ಗಂಡಿನ ಕಡೆಯವರನ್ನು ಬಿಡಬೇಡಿ

ಹೆಣ್ಣಿನ ಮನೆಯಲ್ಲಿ ಎಷ್ಟೇ ಮಾತಾಡಿದರೂ "ಅವರು ಒಪ್ಪಲ್ಲ, ಸಂಬಂಧ ಕೈತಪ್ಪುತ್ತೆ" ಅನ್ನುತ್ತಾರೆ. ಹಾಗಾದರೆ ಆ ಕಡೆಗೇ ಹೋಗಿ. ನನ್ನ ಪ್ರಕಾರ ಬೇಗ ಕೆಲಸ ಆಗುವುದು ಇಲ್ಲಿ, ಯಾಕೆಂದರೆ ನಿಜವಾಗಿ ಕಳೆದುಕೊಳ್ಳಲು ಜಾಸ್ತಿ ಇರುವುದು ಗಂಡಿಗೆ. ಎರಡೂ ಕಡೆಗೆ ಬೇಕಾದವರು, ಸಂಬಂಧ ಹೇಳಿದ ಮಧ್ಯಸ್ಥರೇ ಆದರೂ ಸರಿ, ಹುಡುಗನ ಅಪ್ಪನ ಹತ್ತಿರ ಕೂತು ಹೇಳಲಿ:

"ಯಜಮಾನ್ರೇ, ಹುಡುಗಿಗೆ ಇನ್ನೂ 16. ನಾಳೆ ಅವಳು ಬಸುರಿಯಾಗಿ ಆಸ್ಪತ್ರೆಗೆ ಹೋದರೆ ತಾಯಿ ಕಾರ್ಡ್ ಮಾಡುವಾಗ ವಯಸ್ಸು ಕೇಳ್ತಾರೆ. ಡಾಕ್ಟರು ಪೊಲೀಸರಿಗೆ ತಿಳಿಸಲೇಬೇಕು, ಇಲ್ಲದಿದ್ದರೆ ಅವರ ಮೇಲೆ ಕೇಸ್. ಆಮೇಲೆ ನಿಮ್ಮ ಮಗನ ಮೇಲೆ ಪೋಕ್ಸೊ."

ಇದು ಹೆದರಿಸಲು ಹೇಳಿದ ಸುಳ್ಳಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್ 18ರ ಒಳಗಿನ ಹೆಂಡತಿಯ ಜೊತೆ ಸಂಭೋಗವೂ ಅತ್ಯಾಚಾರವೇ ಅಂತ ಹೇಳಿದೆ. ಪೋಕ್ಸೊ ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯುವ ಕಾಯ್ದೆ. ಅದರಲ್ಲಿ ಕನಿಷ್ಠ ಶಿಕ್ಷೆಯೇ 10 ವರ್ಷ, ಹುಡುಗಿ ಗರ್ಭಿಣಿಯಾಗಿದ್ದರೆ ಕನಿಷ್ಠ 20 ವರ್ಷ. ಹುಡುಗ ಸರ್ಕಾರಿ ಕೆಲಸಕ್ಕೋ, ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೋ ಅರ್ಜಿ ಹಾಕಿದ್ದರೆ ಇನ್ನೇನೂ ಹೇಳಬೇಕಾಗಿಲ್ಲ. "ಎರಡು ವರ್ಷ ಕಾಯ್ತೀವಿ" ಅನ್ನುವ ಮಾತು ಗಂಡಿನ ಕಡೆಯಿಂದ ಬಂದರೆ ಹೆಣ್ಣಿನ ಅಪ್ಪನಿಗೆ ಅವಮಾನವೂ ಇಲ್ಲ, ಊರಿಗೆ ಹೇಳಲು ಕಾರಣವೂ ಸಿಕ್ಕಿತು.

ಮಾತಿಗೆ ಬಗ್ಗದಿದ್ದರೆ

ಎಷ್ಟು ದಿನ ಮಾತಾಡುತ್ತೀರಿ ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಮದುವೆಗೆ ಒಂದು ವಾರ ಉಳಿದಿದೆ, ಯಾರೂ ಕದಲುತ್ತಿಲ್ಲ ಅಂದರೆ ಫೋನ್ ಮಾಡುವ ಹೊತ್ತು. ಹಿಂದಿನ ರಾತ್ರಿ ಮಾಡಬೇಡಿ. ಅಷ್ಟು ತಡವಾದರೆ ಮಂಟಪದಲ್ಲಿ ಪೊಲೀಸ್, ಕಣ್ಣೀರು, ಮೊಬೈಲ್ ವಿಡಿಯೋ, ಹುಡುಗಿಯ ಮುಖ ಊರಿಗೆಲ್ಲ.

1098ಕ್ಕೆ ಹೇಳಬಹುದು, ತುರ್ತು ಇದ್ದರೆ 112. ಹೆಸರು ಹೇಳಲೇಬೇಕು ಅಂತಿಲ್ಲ. ನೀವು ಮೊದಲೇ ಬರೆದಿಟ್ಟ ನಾಲ್ಕು ವಿಷಯ ಈಗ ಬೇಕು. ಹುಡುಗಿ ಹೆಸರು, ಶಾಲೆ, ದಿನ, ಜಾಗ ಸರಿಯಾಗಿ ಹೇಳಿದರೆ ಕೆಲಸ ಬೇಗ ಆಗುತ್ತದೆ. "ನಮ್ಮ ಕಡೆ ಒಂದು ಬಾಲ್ಯವಿವಾಹ ಆಗ್ತಿದೆ" ಅಂತಷ್ಟೇ ಹೇಳಿ ಇಟ್ಟರೆ ಅವರಾದರೂ ಏನು ಮಾಡಬೇಕು? ಸಹಾಯವಾಣಿ ಬೇಡ ಅನಿಸಿದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ತಹಶೀಲ್ದಾರ್, ಪಿಡಿಒ ಇದ್ದಾರೆ. ನಮ್ಮ ರಾಜ್ಯದಲ್ಲಿ ಹಲವು ಇಲಾಖೆಗಳ ಅಧಿಕಾರಿಗಳನ್ನು ಬಾಲ್ಯವಿವಾಹ ನಿಷೇಧಾಧಿಕಾರಿ ಅಂತ ನೇಮಿಸಲಾಗಿದೆ. ಆದರೆ ಪಿಡಿಒ ನಿಮ್ಮ ಅಣ್ಣನ ಗೆಳೆಯರಾದರೆ ಬೇಡ, ಜಿಲ್ಲಾ ಮಟ್ಟಕ್ಕೇ ಹೋಗಿ. ಸಾಮೂಹಿಕ ವಿವಾಹದಲ್ಲಿ ಸೇರಿಸಿಬಿಡುತ್ತಾರೆ ಅನ್ನುವ ಅನುಮಾನವಿದ್ದರೆ, ಅಕ್ಷಯ ತೃತೀಯದಂತಹ ದಿನಗಳಲ್ಲಿ ಜಿಲ್ಲಾಧಿಕಾರಿಗಳೇ ನಿಷೇಧಾಧಿಕಾರಿಗಳಾಗಿರುತ್ತಾರೆ.

ಕೋರ್ಟಿನ ದಾರಿಯೂ ಇದೆ, ತುಂಬಾ ಜನರಿಗೆ ಇದು ಗೊತ್ತಿಲ್ಲ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಮ್ಯಾಜಿಸ್ಟ್ರೇಟ್ ಮದುವೆಗೆ ತಡೆಯಾಜ್ಞೆ ಕೊಡಬಹುದು, ಯಾರು ಬೇಕಾದರೂ ಮಾಹಿತಿ ಕೊಡಬಹುದು. ಪದೇ ಪದೇ ದಿನ ಬದಲಿಸಿ ಆಟವಾಡುವವರಿಗೆ ಇದೇ ಮದ್ದು.

ಅಧಿಕಾರಿಗಳು ಬಂದರೆ ಸಾಮಾನ್ಯವಾಗಿ ಅಪ್ಪ ಅಮ್ಮನಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. 18 ತುಂಬುವವರೆಗೂ ಮದುವೆ ಮಾಡುವುದಿಲ್ಲ, ಸಹಿ. ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಮೋಸ ಹೋಗುವುದು ಇಲ್ಲೇ. ಮುಚ್ಚಳಿಕೆ ಬರೆದ ಮೇಲೂ ಹುಡುಗಿಯನ್ನು ಅಜ್ಜಿ ಊರಿಗೆ ಕಳಿಸಿ ಅಲ್ಲಿಂದಲೇ ಮದುವೆ ಮುಗಿಸುವುದುಂಟು. ಹಾಗಾಗಿ ಆಮೇಲಿನ ತಿಂಗಳುಗಳಲ್ಲಿ ಒಂದೇ ಪ್ರಶ್ನೆ ಕೇಳುತ್ತಿರಿ: ಅವಳು ಇವತ್ತು ಕಾಲೇಜಿಗೆ ಹೋದಳಾ? ಕ್ಲಾಸ್ ಟೀಚರ್ ಒಬ್ಬರ ಪರಿಚಯ ಮಾಡಿಕೊಂಡಿದ್ದರೆ ಸಾಕು. ಸತತ ಗೈರುಹಾಜರಿ ಕಂಡರೆ ಮತ್ತೆ 1098. ಮನೆಯಲ್ಲೇ ಇರಲು ಅವಳಿಗೆ ಅಪಾಯ ಅನಿಸಿದರೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸುತ್ತಾರೆ, ಅವರು ಬಾಲಮಂದಿರಕ್ಕೋ ನಂಬಿಕಸ್ತ ನೆಂಟರ ಮನೆಗೋ ಕಳಿಸಬಹುದು. ಆ ನೆಂಟರು ನೀವೇ ಆಗಬೇಕಾಗಬಹುದು.

ನಿಮ್ಮ ಮೇಲೆ ಬರುವ ಒತ್ತಡ

ಫೋನ್ ಮಾಡಿದವರು ಯಾರು ಅಂತ ಹುಡುಕುತ್ತಾರೆ, ಹುಡುಕಿಯೇ ಹುಡುಕುತ್ತಾರೆ. ಮದುವೆಗೆ ಮೊದಲು ಬೇಡ ಅಂದದ್ದು ನೀವೊಬ್ಬರೇ ಆದರೆ ಗೊತ್ತಾಗಿಬಿಡುತ್ತದೆ. ಅದಕ್ಕೇ ಮೊದಲೇ ಇನ್ನಿಬ್ಬರನ್ನು ಜೊತೆಗೆ ಸೇರಿಸಿಕೊಳ್ಳಿ. ಶಾಲೆ ಮೇಷ್ಟ್ರು, ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ನಿಮ್ಮ ಹಾಗೇ ಯೋಚಿಸುವ ಒಬ್ಬ ತಮ್ಮ. ಮೂರು ಜನ ಬೇಡ ಅಂದಿದ್ದರೆ ಒಬ್ಬರ ಮೇಲೆ ಬೀಳುವ ಭಾರ ಹಂಚಿಹೋಗುತ್ತದೆ.

ಆದರೂ ಸ್ವಲ್ಪ ಕಾಲ ನೋವಾಗುತ್ತದೆ, ಸುಳ್ಳು ಹೇಳಿ ಪ್ರಯೋಜನವಿಲ್ಲ. ಹಬ್ಬಕ್ಕೆ ಕರೆಯುವುದಿಲ್ಲ. ತಿಥಿಯಲ್ಲಿ ಪಂಕ್ತಿಯ ಕೊನೆಗೆ ಕೂರಿಸುತ್ತಾರೆ, ಬಡಿಸುವವರು ಕಣ್ಣಲ್ಲಿ ಕಣ್ಣಿಟ್ಟು ನೋಡುವುದಿಲ್ಲ. ನಿಮ್ಮ ಮಗಳ ಮದುವೆಗೆ ಯಾರು ಬರ್ತಾರೆ ನೋಡೋಣ ಅನ್ನುತ್ತಾರೆ. ನಿಮ್ಮ ಗಂಡನೋ ಹೆಂಡತಿಯೋ "ನಿಂಗೆ ಬೇಕಿತ್ತಾ ಇದು?" ಅನ್ನಬಹುದು, ಅದು ಎಲ್ಲಕ್ಕಿಂತ ಜಾಸ್ತಿ ಚುಚ್ಚುತ್ತದೆ. ಉತ್ತರ ಕೊಡಲು ಹೋಗಬೇಡಿ. ಅವರ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಿದ್ದರೆ ಕರೆಯದೆಯೂ ಹೋಗಿ, ಸಾವಿಗೆ ಹೋಗಿ. ಸಂಬಂಧ ಮುರಿದದ್ದು ನಿಮ್ಮಿಂದ ಅನ್ನುವ ಮಾತಿಗೆ ಜಾಗ ಕೊಡಬೇಡಿ.

ಫೋನ್ ಮಾಡುವ ಧೈರ್ಯ ಇಲ್ಲದವರ ಕಥೆ? ಎಲ್ಲರಿಗೂ ಅದು ಆಗುವುದಿಲ್ಲ. ಅಣ್ಣನ ಮನೆಯಲ್ಲೇ ಬಾಡಿಗೆಯಿಲ್ಲದೆ ಇರುವ ವಿಧವೆ ತಂಗಿ, ಅವನ ಜಮೀನಿನಲ್ಲಿ ದುಡಿಯುವವರು, ಗಂಡನ ಮಾತಿಗೆ ಎದುರಾಡಿದರೆ ಏಟು ತಿನ್ನುವ ಆ ಹುಡುಗಿಯ ತಾಯಿ, ಇವರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಆದರೆ ಸಂಬಳ ಬರುವ, ಬೇರೆ ಊರಿನಲ್ಲಿ ಸ್ವಂತ ಮನೆ ಇರುವ, ಅಣ್ಣ ಮಾತು ಕೇಳುವ ತಮ್ಮನಿಗೆ "ನನ್ನ ಕೈಲೇನಿದೆ" ಅನ್ನುವ ಹಕ್ಕು ಇಲ್ಲ. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಕೂತು ಊರಿನ ಮದುವೆಗೆ ದುಡ್ಡು ಕಳಿಸಿ, ಆಮೇಲೆ ಸ್ನೇಹಿತರ ಮುಂದೆ "ನಮ್ಮೂರ ಕಡೆ ಇನ್ನೂ ಹಾಗೇ" ಅಂತ ನಗುವವರನ್ನು ನಾನು ಸೋದರಮಾವನಿಗಿಂತ ಕಡಿಮೆ ತಪ್ಪಿತಸ್ಥರು ಅಂದುಕೊಂಡಿಲ್ಲ.

ಮದುವೆ ಅಂದರೆ ಹತ್ತಾರು ಕೈ ಬೇಕು. ನಿಮ್ಮ ಕೈ ತೆಗೆಯಿರಿ. ಕಾರು ಕೊಡಬೇಡಿ, ಒಡವೆ ಕೊಡಬೇಡಿ, ಸಾಲಕ್ಕೆ ಜಾಮೀನು ಹಾಕಬೇಡಿ, ಮುಯ್ಯಿ ಮಾಡಬೇಡಿ. ಹೋಗಲೂ ಬೇಡಿ. ಅಡುಗೆಯವರು, ಫೋಟೋದವರು, ಛತ್ರದವರು ಪರಿಚಯದವರಾದರೆ ಹುಡುಗಿಯ ವಯಸ್ಸಿನ ಮಾತು ಅವರ ಕಿವಿಗೆ ಹಾಕಿ. ಮದುವೆ ಮಾಡಿಸಿದವರು, ನಡೆಸಿಕೊಟ್ಟವರು, ನೆರವಾದವರಿಗೆ 2 ವರ್ಷದವರೆಗೆ ಕಠಿಣ ಸಜೆ, 1 ಲಕ್ಷದವರೆಗೆ ದಂಡ ಇದೆ. ಮಗುವಿನ ಹೊಣೆ ಹೊತ್ತವರು ಸುಮ್ಮನೆ ಮದುವೆಗೆ ಹೋಗಿ ಕೂತದ್ದೂ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ತಪ್ಪೇ. ಮತ್ತೆ ಹೋಗದಿರುವ ಕಾರಣವನ್ನು ಹೇಳಿ. "ಅವತ್ತು ಆಫೀಸಲ್ಲಿ ಆಡಿಟ್ ಇತ್ತು" ಅಂದರೆ ನೀವು ಹೋಗಿದ್ದಕ್ಕೂ ಹೋಗದೇ ಇದ್ದದ್ದಕ್ಕೂ ಏನೂ ವ್ಯತ್ಯಾಸವಿಲ್ಲ. "ಮಗು ಇನ್ನೂ ಚಿಕ್ಕದು, ನಾನು ಅಕ್ಷತೆ ಹಾಕಲಾರೆ" ಅಂತ ಒಂದು ಸಾಲು ಸಾಕು. ಜೋರಾಗಿ ಬೇಡ, ಅಣ್ಣನಿಗೆ ಮಾತ್ರ ಕೇಳಿಸುವಷ್ಟು.

ಮದುವೆ ಆಗಿಯೇ ಹೋಗಿದ್ದರೆ

"ಆಗಿದ್ದಾಯ್ತು, ಇನ್ನು ಆ ಮಗು ಬಾಳು ಹಾಳು ಮಾಡಬೇಡಿ" ಅನ್ನುತ್ತಾರೆ. ಕರ್ನಾಟಕ ತಂದಿರುವ ತಿದ್ದುಪಡಿಯ ಪ್ರಕಾರ ಇಲ್ಲಿ ನಡೆದ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು, ಅಂದರೆ ಕಾನೂನಿನ ಕಣ್ಣಿಗೆ ಆ ಮದುವೆ ಆಗಿಯೇ ಇಲ್ಲ. ಬೇರೆ ಕಡೆಗಳ ಹಾಗೆ ರದ್ದು ಮಾಡಿಸಿಕೊಳ್ಳುವವರೆಗೆ ಮದುವೆ ಊರ್ಜಿತ ಅನ್ನುವ ಮಾತು ಇಲ್ಲಿಲ್ಲ. ಹುಡುಗಿಗೆ ಜೀವನಾಂಶ ಕೇಳುವ ದಾರಿ ಕಾಯ್ದೆಯಲ್ಲಿದೆ, ಮಗು ಹುಟ್ಟಿದ್ದರೆ ಅದು ಕಾನೂನುಬದ್ಧ ಮಗುವೇ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಣ್ಣುಮಕ್ಕಳಿಗೂ ಮಕ್ಕಳಿಗೂ ವಕೀಲರು ಉಚಿತ.

ಅವಳು ವಾಪಸ್ ಬರಲು ಒಪ್ಪದಿದ್ದರೆ ಅಥವಾ ಬಿಡದಿದ್ದರೆ ಸಂಪರ್ಕ ಮಾತ್ರ ಕಡಿಯಬೇಡಿ. ನಿಮ್ಮ ನಂಬರ್ ಅವಳಿಗೆ ಬಾಯಿಗೆ ಬರಬೇಕು. ಬಸುರಿಯಾದರೆ ಕೇಸಿನ ಭಯಕ್ಕೆ ಮನೆಯಲ್ಲೇ ಹೆರಿಗೆ ಮಾಡಿಸುವವರಿದ್ದಾರೆ, ಅದಕ್ಕೆ ಬಿಡಬೇಡಿ. ಈ ವಯಸ್ಸಿನಲ್ಲಿ ರಕ್ತಹೀನತೆ, ರಕ್ತದೊತ್ತಡ, ತೂಕ ಕಡಿಮೆಯ ಮಗು ಎಲ್ಲ ಜಾಸ್ತಿ. ಕೇಸ್ ಆದರೂ ಆಗಲಿ, ಆಸ್ಪತ್ರೆಗೇ ಹೋಗಬೇಕು. ಇನ್ನು ಓದು. ಎಸ್ಸೆಸ್ಸೆಲ್ಸಿ ಅರ್ಧಕ್ಕೆ ನಿಂತಿದ್ದರೆ ಖಾಸಗಿ ಅಭ್ಯರ್ಥಿಯಾಗಿ ಕಟ್ಟಿಸಬಹುದು, ಪಿಯುಸಿಯನ್ನೂ ಹಾಗೇ. ಅರ್ಜಿ ತುಂಬುವ ಕೊನೆಯ ದಿನ ಯಾವಾಗ ಅಂತ ಅವಳ ಹಳೇ ಶಾಲೆಯಲ್ಲಿ ವಿಚಾರಿಸಿ, ಶುಲ್ಕ ನೀವೇ ಕಟ್ಟಿ. ಅವಳ ಟಿಸಿ ಮತ್ತು ಅಂಕಪಟ್ಟಿ ತವರಲ್ಲಿದ್ದರೆ ಈ ವಾರವೇ ಇಸಿದುಕೊಂಡು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಜೆರಾಕ್ಸ್ ಬೇಡ, ಒರಿಜಿನಲ್.